ಟರ್ಬೊ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳನ್ನು ಮನೆಯಲ್ಲೇ ಬದಲಾಯಿಸುವ ಕ್ರಮ

ಹೆಬ್ಬಾಳದ ಮೇಲ್ಸೇತುವೆ ದಾಟಿ ದೇವನಹಳ್ಳಿಯ ಕಡೆಗೆ ರಸ್ತೆ ಬಿಡುವಾದ ಕೂಡಲೇ ಮೂರನೆಯ ಗೇರಿನಲ್ಲಿ ಆಕ್ಸಲರೇಟರನ್ನು ಪೂರ್ತಿ ಒತ್ತಿದಾಗ, ಕಾರು ಒಂದೇ ಉಸಿರಿಗೆ ಮುನ್ನುಗ್ಗುವ ಬದಲು ಎರಡು ಮೂರು ಬಾರಿ ತಡವರಿಸಿ ಆಮೇಲೆ ವೇಗ ಹಿಡಿಯುತ್ತಿದ್ದರೆ, ಪೆಟ್ರೋಲ್ ಬಂಕಿನವರನ್ನು ದೂರುವ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ನೋಡಬೇಕು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ, ಕಿಡಿ ಹಾರುವ ಹೊತ್ತಿಗೆ ಸಿಲಿಂಡರಿನೊಳಗಿನ ಒತ್ತಡ ಸಾಧಾರಣ ಎಂಜಿನ್ನಿಗಿಂತ ಬಹಳ ಹೆಚ್ಚಾಗಿರುತ್ತದೆ. ಅಷ್ಟು ದಟ್ಟವಾದ ಅನಿಲದಲ್ಲಿ ಪ್ಲಗ್ಗಿನ ನಡುವಿನ ಮೊನೆಗೂ ಅದರ ಮೇಲಿನ ಬಾಗಿದ ಕೊಂಡಿಗೂ ಇರುವ ಅದೇ ಅಂತರವನ್ನು ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದಂತೆಲ್ಲ ಆ ಅಂತರ ಹಿಗ್ಗುತ್ತದೆ, ಆ ವೋಲ್ಟೇಜ್ ಒದಗಿಸುವ ಇಗ್ನಿಷನ್ ಕಾಯಿಲ್ ಮೇಲಿನ ಹೊರೆ ಏರುತ್ತದೆ, ಕೊನೆಗೆ ಒಂದು ದಿನ ಕಿಡಿ ಸೋಲುತ್ತದೆ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಸದ್ದಿಲ್ಲದೆ ಓಡುವ ಎಂಜಿನ್ನು ಹೆದ್ದಾರಿಯಲ್ಲಿ ಮಾತ್ರ ಮಿಸ್ ಹೊಡೆಯುವುದು ಈ ಕಾರಣಕ್ಕಾಗಿ.

ಇರಿಡಿಯಂ ಪ್ಲಗ್ ಒಂದು ಲಕ್ಷ ಕಿಲೋಮೀಟರ್ ಬಾಳುತ್ತದೆ ಎಂಬ ಮಾತು ಟರ್ಬೊ ಇಲ್ಲದ ಎಂಜಿನ್ನುಗಳಿಗೆ ಹೊಂದುವಂಥದ್ದು. ಟರ್ಬೊ ಎಂಜಿನ್ನುಗಳಿಗೆ ಹಲವು ತಯಾರಕರು 40 ಸಾವಿರದಿಂದ 60 ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸಲು ಹೇಳುತ್ತಾರೆ. ಎಂಜಿನ್ನನ್ನು ರೀಮ್ಯಾಪ್ ಮಾಡಿಸಿದ್ದರೆ, ಅಂದರೆ ಹೆಚ್ಚು ಶಕ್ತಿಗಾಗಿ ಅದರ ಕಂಪ್ಯೂಟರಿನ ತಂತ್ರಾಂಶ ತಿದ್ದಿಸಿದ್ದರೆ, 25 ಸಾವಿರಕ್ಕೇ ಬಿಚ್ಚಿ ನೋಡುವುದು ನನ್ನ ರೂಢಿ. ನಮ್ಮ ಊರಿನಲ್ಲಿ ಓಡೋಮೀಟರ್ ಒಂದನ್ನೇ ನಂಬುವುದೂ ಸರಿಯಲ್ಲ. ಹೊರ ವರ್ತುಲ ರಸ್ತೆಯಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡರೆ ಮೀಟರಿನಲ್ಲಿ ಏರುವುದು ಎಂಟೋ ಹತ್ತೋ ಕಿಲೋಮೀಟರು; ಆದರೆ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೂ ಪ್ರತಿಯೊಂದು ಪ್ಲಗ್ ಆ ಒಂದು ಗಂಟೆಯಲ್ಲಿ 24,000 ಬಾರಿ ಕಿಡಿ ಕೊಟ್ಟಿರುತ್ತದೆ.

ಇಲ್ಲಿ ಹೇಳುವ ಕ್ರಮ ನಾಲ್ಕು ಸಿಲಿಂಡರುಗಳು ಸಾಲಾಗಿರುವ, ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿರುವ ಟರ್ಬೊ ಪೆಟ್ರೋಲ್ ಎಂಜಿನ್ನುಗಳಿಗೆ ಅನ್ವಯಿಸುತ್ತದೆ. ನಾನು ಈ ಕೆಲಸ ಮಾಡುವುದು ನನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ 1984 ಸಿಸಿ ಎಂಜಿನ್ನಿನ ಮೇಲೆ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕಾದ ವಿ6 ಎಂಜಿನ್ನು, ಚಕ್ರ ಅಥವಾ ಬಂಪರ್ ತೆಗೆದು ಪಕ್ಕದಿಂದ ಕೈ ಹಾಕಬೇಕಾದ ಬಾಕ್ಸರ್ ಎಂಜಿನ್ನು ನಿಮ್ಮದಾಗಿದ್ದರೆ, ಮೊದಲ ಪ್ರಯತ್ನವನ್ನು ಅದರ ಮೇಲೆ ಮಾಡಬೇಡಿ.

ಪ್ಲಗ್ ಆರಿಸುವಾಗ ಕಾರಿನ ಕೈಪಿಡಿಯಲ್ಲಿರುವ ಭಾಗದ ಸಂಖ್ಯೆಯನ್ನೇ ಹಿಡಿದು ಹೊರಡಿ. ಪ್ಲಗ್ಗಿನ ಶಾಖದ ಶ್ರೇಣಿಯ ಬಗ್ಗೆ ಬಹಳ ಗೊಂದಲವಿದೆ. ಒಳಗಿನ ಪಿಂಗಾಣಿಯ ಮೂಗು ತನಗಂಟಿದ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 850 ಡಿಗ್ರಿಯ ಆಸುಪಾಸನ್ನು ಮೀರಿದರೆ ಕಿಡಿ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯವಿದೆ. ‘ಕೋಲ್ಡ್’ ಪ್ಲಗ್ ಶಾಖವನ್ನು ಬೇಗ ಸಿಲಿಂಡರುಗಳ ಮೇಲ್ಮುಚ್ಚಳವಾದ ಹೆಡ್‌ಗೆ ದಾಟಿಸುತ್ತದೆ, ‘ಹಾಟ್’ ಪ್ಲಗ್ ನಿಧಾನವಾಗಿ ದಾಟಿಸುತ್ತದೆ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಶ್ರೇಣಿಯ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಪ್ಲಗ್‌ಗಳಲ್ಲಿ ಇದು ತಿರುಗುಮುರುಗು. ರೀಮ್ಯಾಪ್ ಮಾಡಿಸಿದವರು ಒಂದು ಮೆಟ್ಟಿಲು ಕೋಲ್ಡ್ ಹಾಕುವುದರಲ್ಲಿ ಅರ್ಥವಿದೆ. ಮೂಲಸ್ಥಿತಿಯಲ್ಲೇ ಇರುವ ಕಾರಿಗೆ, ಅದರಲ್ಲೂ ಜಯನಗರದಿಂದ ಎಂ.ಜಿ. ರಸ್ತೆಗೆ ದಿನವೂ ಉರುಳುವ ಕಾರಿಗೆ, ಕೋಲ್ಡ್ ಪ್ಲಗ್ ಹಾಕಿದರೆ ಅದು ಮಸಿ ಹಿಡಿಯುತ್ತದೆಯೇ ಹೊರತು ಬೇರೇನೂ ಲಾಭವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಶ್ರೇಣಿ ಬದಲಾಯಿಸಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ಟರ್ಬೊ ಎಂಜಿನ್ನಿನ ಕಂಪ್ಯೂಟರು ಗಾಳಿಯ ಆ ಕೊರತೆಯನ್ನು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿ ಬಹುಮಟ್ಟಿಗೆ ತುಂಬಿಕೊಳ್ಳುವುದರಿಂದ ಅದರ ಅಗತ್ಯವಿಲ್ಲ.

ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬಿಲ್ ಪಡೆಯಿರಿ, ಪೆಟ್ಟಿಗೆಯನ್ನು ಅಲ್ಲೇ ತೆರೆದು ನೋಡಿ, ಏಕೆಂದರೆ ಹೆಸರಾಂತ ಪ್ಲಗ್‌ಗಳ ನಕಲು ಎಲ್ಲ ಕಡೆಯೂ ಸುಳಿದಾಡುತ್ತದೆ. ಅಸಲಿ ಇರಿಡಿಯಂ ಪ್ಲಗ್ಗಿನ ನಡುವಿನ ಮೊನೆ ಸೂಜಿಯಂತೆ ತೆಳ್ಳಗೆ, ಸಾಮಾನ್ಯವಾಗಿ 0.4ರಿಂದ 0.7 ಮಿ.ಮೀ. ದಪ್ಪವಿದ್ದು, ಮೇಲಿನ ಬಾಗಿದ ಕೊಂಡಿಯ ನಟ್ಟನಡುವೆ ಬರುತ್ತದೆ. ಥ್ರೆಡ್ಡಿನ ಮೇಲಿರುವ ವಾಷರ್ ಕೈಯಲ್ಲಿ ತಿರುಗಬಹುದು, ಆದರೆ ಕಳಚಿ ಬೀಳಬಾರದು. ಬೆಂಗಳೂರಿನ ಹಳಬರು ಬಾಷ್ ಪ್ಲಗ್ಗನ್ನು ಈಗಲೂ ‘ಮೈಕೋ ಪ್ಲಗ್’ ಎಂದೇ ಕರೆಯುತ್ತಾರೆ; 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ನೆಲೆಯೂರಿದ ಆ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆ ಕಾಲದ ನಿಕಲ್ ಪ್ಲಗ್‌ಗಳನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವ ಪದ್ಧತಿ ಮನೆಮನೆಯಲ್ಲೂ ಇತ್ತು. ಇರಿಡಿಯಂ ಪ್ಲಗ್ಗಿಗೆ ಅದನ್ನು ಖಂಡಿತ ಮಾಡಬಾರದು, ತಂತಿಯ ಬ್ರಷ್ ಕೂಡ ತಾಗಿಸಬಾರದು.

ಅಂತರವನ್ನು ತಂತಿಯ ಗೇಜಿನಿಂದಲೇ ಅಳೆಯಿರಿ. ನಾಣ್ಯದಂಥ ಗೇಜನ್ನು ತೂರಿಸಿ ತಿರುಗಿಸಿದರೆ ನಡುವಿನ ಮೊನೆ ಮುರಿಯುತ್ತದೆ. ಟರ್ಬೊ ಎಂಜಿನ್ನುಗಳಲ್ಲಿ 0.7ರಿಂದ 0.8 ಮಿ.ಮೀ. ಸಾಮಾನ್ಯ, ಬೂಸ್ಟ್ ಹೆಚ್ಚಿಸಿರುವ ಕಾರುಗಳಲ್ಲಿ ಟ್ಯೂನರ್‌ಗಳು 0.6ಕ್ಕೆ ಇಳಿಸುವುದುಂಟು. ತಿದ್ದಬೇಕಾದರೆ ಮೇಲಿನ ಕೊಂಡಿಯನ್ನು ಮಾತ್ರ ಬಾಗಿಸಿ. ಕೈತಪ್ಪಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಬೇಡಿ. ಪಿಂಗಾಣಿಯೊಳಗಿನ ಕೂದಲೆಳೆಯಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಸಲಕರಣೆಗಳ ಪಟ್ಟಿ ದೊಡ್ಡದಲ್ಲ. ಒಳಗೆ ಅಯಸ್ಕಾಂತವಿರುವ 16 ಮಿ.ಮೀ. ಪ್ಲಗ್ ಸಾಕೆಟ್ (ಇತ್ತೀಚಿನ ಹಲವು ಬಿಎಂಡಬ್ಲ್ಯೂ ಎಂಜಿನ್ನುಗಳಿಗೆ ಹನ್ನೆರಡು ಮೂಲೆಯ ತೆಳುಗೋಡೆಯ 14 ಮಿ.ಮೀ. ಸಾಕೆಟ್ ಬೇಕು), ಉದ್ದನೆಯ ಎಕ್ಸ್‌ಟೆನ್ಷನ್, ರ‍್ಯಾಚೆಟ್, ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಮನೆಯಲ್ಲಿ ಧೂಳು ಊದಲು ಬಳಸುವ ಬ್ಲೋವರ್, ಒಂದು ಅಡಿ ಉದ್ದದ ರಬ್ಬರ್ ಪೈಪು ಮತ್ತು ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆಂದು ಅಳೆಯುವ ಟಾರ್ಕ್ ವ್ರೆಂಚ್ ಇದ್ದರೆ ಸಾಕು. ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ನಿಗೂ ನಡುವೆ ಟೇಪು ಸುತ್ತಿಕೊಳ್ಳಿ, ಇಲ್ಲದಿದ್ದರೆ ಸಾಕೆಟ್ ಪ್ಲಗ್ಗನ್ನು ಕಚ್ಚಿಕೊಂಡು ಪ್ಲಗ್ ಕೂರುವ ಆಳದ ಕುಳಿಯ, ಅಂದರೆ ಬಾವಿಯ, ತಳದಲ್ಲೇ ಉಳಿದುಬಿಡುತ್ತದೆ. ಇವುಗಳಲ್ಲಿ ಯಾವುದನ್ನು ಬೇಕಾದರೂ ಎರವಲು ತರಬಹುದು, ಆದರೆ ಟಾರ್ಕ್ ವ್ರೆಂಚ್ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ.

ರಾತ್ರಿ ನಿಲ್ಲಿಸಿದ ಕಾರಿನ ಕೆಲಸವನ್ನು ಭಾನುವಾರ ಬೆಳಿಗ್ಗೆ ಆರಂಭಿಸುವುದು ಒಳ್ಳೆಯದು, ಏಕೆಂದರೆ ಎಂಜಿನ್ನು ಪೂರ್ತಿ ತಣ್ಣಗಿರಬೇಕು. ಹೆಡ್ ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಲ್ಲಿ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಮೆದುವೂ ಆಗುತ್ತದೆ, ಆ ಸ್ಥಿತಿಯಲ್ಲಿ ತಿರುಗಿಸಿದರೆ ಥ್ರೆಡ್ ಕಿತ್ತುಕೊಂಡು ಬರಬಹುದು. ಇಗ್ನಿಷನ್ ಆರಿಸಿ, ಕೀಲಿಯನ್ನು ಕಾರಿನಿಂದ ದೂರವಿಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ.

ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೂಲೆಯಿಂದ ಮೂಲೆಗೆ ಮೆಲ್ಲಗೆ ಎತ್ತಿದರೆ ಅದು ರಬ್ಬರ್ ಗುಬಟುಗಳಿಂದ ಬಿಡಿಸಿಕೊಳ್ಳುತ್ತದೆ. ಕೆಳಗೆ ಕಾಣುವ ಲೋಹದ ಇಂಧನ ಕೊಳವೆಗಳನ್ನು ಸಡಿಲಿಸಬೇಡಿ. ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಅವುಗಳ ಒತ್ತಡ 150 ಬಾರ್ ಮೀರಿರುತ್ತದೆ. ಕಾಯಿಲ್‌ಗಳ ಕನೆಕ್ಟರ್ ಬಿಡಿಸುವಾಗ ತಾಳ್ಮೆ ಬೇಕು, ಏಕೆಂದರೆ ವರ್ಷಗಟ್ಟಲೆ ಕಾದ ಪ್ಲಾಸ್ಟಿಕ್ಕು ಹಪ್ಪಳದಂತೆ ಪುಡಿಯಾಗುತ್ತದೆ. ಕನೆಕ್ಟರನ್ನು ಮೊದಲು ಒಳಕ್ಕೆ ತುಸು ಒತ್ತಿ, ಬೀಗದ ನಾಲಗೆಯ ಮೇಲಿನ ಬಿಗುವು ಕಡಿಮೆಯಾದ ಮೇಲೆ ಅದನ್ನು ಒತ್ತಿಹಿಡಿದು ಹಿಂದಕ್ಕೆಳೆಯಿರಿ. ಬೋಲ್ಟ್ ಇದ್ದರೆ ಬಿಚ್ಚಿ, ಕಾಯಿಲನ್ನು ಅತ್ತಿತ್ತ ಸ್ವಲ್ಪ ತಿರುಗಿಸಿ ರಬ್ಬರಿನ ಹಿಡಿತ ಬಿಡಿಸಿಕೊಂಡು ನೆಟ್ಟಗೆ ಮೇಲೆತ್ತಿ. ಮೊಟ್ಟೆಯ ಟ್ರೇಗೆ ಒಂದರಿಂದ ನಾಲ್ಕರವರೆಗೆ ಅಂಕಿ ಬರೆದು ಬಿಚ್ಚಿದ ಪ್ಲಗ್‌ಗಳನ್ನು ಅದರಲ್ಲಿ ನಿಲ್ಲಿಸಿದರೆ ಯಾವುದು ಯಾವ ಸಿಲಿಂಡರಿನದೆಂಬ ಗೊಂದಲ ಬರುವುದಿಲ್ಲ.

ಪ್ಲಗ್ಗಿಗೆ ಸಾಕೆಟ್ ಹಾಕುವ ಮೊದಲು ಆ ಬಾವಿಯೊಳಗೆ ಟಾರ್ಚು ಬಿಟ್ಟು ನೋಡಿ. ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ಓಡಾಡುವ ಕಾರಾದರೆ ತಳದಲ್ಲಿ ಕೆಂಪು ಧೂಳು ಕೂತಿರುತ್ತದೆ, ಕೆಲವೊಮ್ಮೆ ಒಣಗಿದ ಎಲೆಯ ಚೂರೂ ಇರುತ್ತದೆ. ಒಂದು ಹರಳು ಮರಳು ಸಿಲಿಂಡರಿಗೆ ಬಿದ್ದರೂ ಪಿಸ್ಟನ್ ಅದನ್ನು ಗೋಡೆಗೆ ಉಜ್ಜುತ್ತದೆ. ಆದ್ದರಿಂದ ಬ್ಲೋವರಿನಿಂದ ಚೆನ್ನಾಗಿ ಊದಿ, ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ ಮತ್ತೊಮ್ಮೆ ಊದಿ, ಆಮೇಲೆ ಪೂರ್ತಿ ಬಿಚ್ಚಿ. ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆಯೆಂದು ತಿಳಿಯಿರಿ. ಬಟ್ಟೆಯಿಂದ ಹೀರಿ ತೆಗೆದ ಮೇಲಷ್ಟೇ ಮುಂದುವರಿಯಿರಿ.

ಆರೋಗ್ಯವಂತ ಪ್ಲಗ್ ಬಿಚ್ಚುವಾಗ ‘ಟಕ್’ ಎಂದು ಒಮ್ಮೆ ಬಿಟ್ಟುಕೊಂಡು, ಆಮೇಲೆ ಬೆರಳಲ್ಲೇ ಸುತ್ತುವಷ್ಟು ಹಗುರಾಗುತ್ತದೆ. ನಾನು ಈ ಕಾರನ್ನು ಕೊಂಡ ಮೇಲೆ ಮೊದಲ ಸಲ ಬಿಚ್ಚಿದಾಗ ಮೂರನೆಯ ಪ್ಲಗ್ ಹಾಗೆ ಬಿಡಲಿಲ್ಲ. ಪ್ರತಿ ಕಾಲು ಸುತ್ತಿಗೂ ಕಿರ್ರೆಂದು ನರಳಿತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಅದನ್ನು ಅಳತೆಯಿಲ್ಲದೆ ಬಿಗಿದಿದ್ದರು. ಹೊರಬಂದ ಪ್ಲಗ್ಗಿನ ಥ್ರೆಡ್ಡಿನಲ್ಲಿ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಎಳೆಯೊಂದು ಸುತ್ತಿಕೊಂಡಿತ್ತು. ಆ ಹೆಡ್‌ಗೆ ಇನ್ಸರ್ಟ್ (ಹೊಸ ಥ್ರೆಡ್ಡಿರುವ ಲೋಹದ ಬಳೆ) ಹಾಕಿಸಿ ಥ್ರೆಡ್ ಉಳಿಸಿಕೊಳ್ಳಬೇಕಾಯಿತು. ನಿಮಗೂ ಅಂಥ ನರಳುವಿಕೆ ಕೇಳಿಸಿದರೆ ಬಲ ಹಾಕಬೇಡಿ. ಥ್ರೆಡ್ಡಿಗೆ ಎಣ್ಣೆ ಇಳಿಯುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸುತ್ತಾ ಹೊರತನ್ನಿ.

ಹಳೆಯ ಪ್ಲಗ್‌ಗಳನ್ನು ಬೆಳಕಿಗೆ ಹಿಡಿದು ಓದುವುದಕ್ಕೆ ಹತ್ತು ನಿಮಿಷ ಮೀಸಲಿಡಿ, ಏಕೆಂದರೆ ಸಿಲಿಂಡರಿನ ಒಳಗನ್ನು ಇಷ್ಟು ಸುಲಭವಾಗಿ ತೋರಿಸುವ ಬೇರೆ ಸಾಧನ ಮನೆಯಲ್ಲಿಲ್ಲ. ಮೂಗು ತಿಳಿ ಕಂದು ಅಥವಾ ಬೂದಿಯ ಬಣ್ಣದಲ್ಲಿದ್ದರೆ ಎಲ್ಲವೂ ಸರಿಯಾಗಿದೆ. ಒಣಗಿದ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚಾಗುತ್ತಿದೆ ಅಥವಾ ಕಾರು ಬಿಸಿಯಾಗುವ ಮೊದಲೇ ನಿಲ್ಲುವ ಪುಟ್ಟ ಪ್ರಯಾಣಗಳಲ್ಲೇ ದಿನ ಕಳೆಯುತ್ತಿದೆ. ಒದ್ದೆಯಾದ ಎಣ್ಣೆ ಜಿಡ್ಡು ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗುಗಳ ಸವೆತವನ್ನು ಹೇಳುತ್ತದೆ. ಪಿಂಗಾಣಿ ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ, ಅಥವಾ ಅದರ ಮೇಲೆ ಸಣ್ಣ ಲೋಹದ ಚುಕ್ಕೆಗಳಿದ್ದರೆ, ಆ ದಿನ ಹೊಸ ಪ್ಲಗ್ ಹಾಕಿ ಸುಮ್ಮನಾಗಬೇಡಿ. ಅತಿಯಾದ ಶಾಖದ ಅಥವಾ ನಾಕಿಂಗಿನ (ಇಂಧನ ಅಡ್ಡಾದಿಡ್ಡಿಯಾಗಿ ಸಿಡಿಯುವುದರ) ಗುರುತು ಅದು, ಟ್ಯೂನ್ ಮಾಡಿದವರಿಗೆ ತೋರಿಸಿ. ಹೊರಗಿನ ಪಿಂಗಾಣಿಯ ಬುಡದಲ್ಲಿ ಕಾಣುವ ಕಂದು ಉಂಗುರವನ್ನು ಗ್ಯಾಸ್ ಸೋರಿಕೆಯೆಂದು ಹಲವರು ಹೆದರುತ್ತಾರೆ. ಅದು ಹೆಚ್ಚಿನ ವೋಲ್ಟೇಜಿಗೆ ಸುತ್ತಲಿನ ಎಣ್ಣೆಯ ಕಣಗಳು ಅಂಟಿಕೊಂಡ ಕಲೆಯಷ್ಟೇ. ಆದರೆ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆಯಿದ್ದರೆ ಕಿಡಿ ಹೊರಗಿನಿಂದ ಜಾರುತ್ತಿದೆ, ಕಾಯಿಲಿನ ರಬ್ಬರನ್ನೂ ಬದಲಾಯಿಸಬೇಕು.

ಹೊಸ ಪ್ಲಗ್ಗಿನ ಥ್ರೆಡ್ಡಿಗೆ ಗ್ರೀಸು ಅಥವಾ ಥ್ರೆಡ್ ಕಚ್ಚಿಕೊಳ್ಳದಂತೆ ಬಳಿಯುವ ಆಂಟಿ-ಸೀಜ್ ಹಚ್ಚಬೇಡಿ. ಇಂದಿನ ಪ್ಲಗ್‌ಗಳಿಗೆ ಲೋಹದ ಲೇಪನವೇ ಇರುತ್ತದೆ, ಜಾರು ಹಚ್ಚಿದರೆ ಟಾರ್ಕ್ ವ್ರೆಂಚ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ಪ್ಲಗ್ ಅತಿಯಾಗಿ ಬಿಗಿಯುತ್ತದೆ. ಪ್ಲಗ್ಗಿನ ಪಿಂಗಾಣಿಯ ತುದಿಯನ್ನು ರಬ್ಬರ್ ಪೈಪಿಗೆ ಸಿಕ್ಕಿಸಿ ಬಾವಿಯೊಳಗೆ ಇಳಿಸಿ, ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸಿ. ಥ್ರೆಡ್ಡಿನ ಬಾಯಿಗೆ ಬಾಯಿ ಕೂಡಿದಾಗ ಸಣ್ಣದೊಂದು ಕುಸಿತ ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ಸುತ್ತಿ. ಥ್ರೆಡ್ ಅಡ್ಡ ಬಿದ್ದರೆ ಪೈಪು ಪ್ಲಗ್ಗಿನ ಮೇಲೆ ಜಾರುತ್ತದೆಯೇ ಹೊರತು ಹೆಡ್ಡನ್ನು ಕೆಡಿಸುವುದಿಲ್ಲ. ಪ್ಲಗ್ ಪೂರ್ತಿ ಕೂರುವವರೆಗೆ ರ‍್ಯಾಚೆಟ್ ಮುಟ್ಟಬೇಡಿ. ವಾಷರ್ ಹೆಡ್‌ಗೆ ತಾಗಿ ನಿಂತ ಮೇಲೆ ಟಾರ್ಕ್ ವ್ರೆಂಚ್ ತೆಗೆದುಕೊಳ್ಳಿ. ವಾಷರ್ ಇರುವ 14 ಮಿ.ಮೀ. ಥ್ರೆಡ್ಡಿಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ಡಿಗೆ 15ರಿಂದ 20 ನ್ಯೂಟನ್ ಮೀಟರ್ ಸಾಕಾಗುತ್ತದೆ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ವ್ರೆಂಚ್ ಒಮ್ಮೆ ಕಟಕ್ ಎಂದ ಮೇಲೆ ‘ಇನ್ನೊಂಚೂರು ಇರಲಿ’ ಎಂದು ಎಳೆಯಬೇಡಿ. ಸಡಿಲಾಗಿಯೂ ಬಿಡಬೇಡಿ, ಏಕೆಂದರೆ ಪ್ಲಗ್ ತನ್ನ ಶಾಖವನ್ನು ದಾಟಿಸುವುದು ಈ ಬಿಗಿಯಾದ ಸ್ಪರ್ಶದ ಮೂಲಕವೇ.

ಕಾಯಿಲಿನ ರಬ್ಬರ್ ಬಾಯಿಯ ಒಳಅಂಚಿಗೆ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ, ನೆಟ್ಟಗೆ ಒತ್ತಿ ಕೂರಿಸಿ, ಕನೆಕ್ಟರ್ ಕ್ಲಿಕ್ ಎನ್ನುವವರೆಗೆ ಒತ್ತಿ. ಬ್ಯಾಟರಿ ಜೋಡಿಸಿ ಎಂಜಿನ್ನು ಆರಂಭಿಸಿ ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಎಂಜಿನ್ನು ಸಮನಾಗಿ ಉಸಿರಾಡುತ್ತಿದ್ದರೆ ಹತ್ತಿರದ ರಸ್ತೆಯಲ್ಲಿ ಹಗುರಾಗಿ ಓಡಿಸಿ, ಎಂಜಿನ್ನು ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನ ಪರೀಕ್ಷೆಯನ್ನು ವೇಗದ ಮಿತಿಯೊಳಗೇ ಮತ್ತೆ ಮಾಡಿ.

ಚೆಕ್ ಎಂಜಿನ್ ದೀಪ ಮಿಟುಕತೊಡಗಿದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲು ಎಕ್ಸಾಸ್ಟಿಗೆ ಹೋಗಿ ಹೊಗೆಯನ್ನು ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ದೋಷದ ಸಂಕೇತ ಓದುವ ಸ್ಕ್ಯಾನರ್ ಹಾಕಿದಾಗ ಪಿ 0303 ಎಂದು ಬಂದರೆ ತೊಂದರೆ ಮೂರನೆಯ ಸಿಲಿಂಡರಿನಲ್ಲಿದೆ. ಆ ಕಾಯಿಲನ್ನು ಎರಡನೆಯದರ ಜಾಗಕ್ಕೆ ಬದಲಿಸಿ ಮತ್ತೆ ಓಡಿಸಿ. ದೋಷ ಪಿ 0302ಕ್ಕೆ ಸರಿದರೆ ಕಾಯಿಲ್ ಕೆಟ್ಟಿದೆ. ಮೂರರಲ್ಲೇ ಉಳಿದರೆ ಕನೆಕ್ಟರಿನ ಕ್ಲಿಕ್ಕನ್ನು ಮೊದಲು ನೋಡಿ, ಆಮೇಲೆ ಆ ಪ್ಲಗ್ಗನ್ನು ಹೊರತೆಗೆದು ಅಂತರವನ್ನೂ ಪಿಂಗಾಣಿಯನ್ನೂ ಪರೀಕ್ಷಿಸಿ.