ಗ್ರೀನ್ ಕಾರ್ಡ್ ಕೈಯಲ್ಲಿದೆ, ಮನೆ ಎಲ್ಲಿದೆ?

ಈ ಸಲ ಗಂಗಾವತಿಗೆ ಬಂದಾಗ, ಅಮೆರಿಕದಲ್ಲಿ ಖಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡ್ ಬಗ್ಗೆ ಮೂರು ಮನೆಗಳಲ್ಲಿ ಒಂದೇ ಪ್ರಶ್ನೆ ಎದುರಾಯಿತು: "ಆರು ತಿಂಗಳಿಗೊಮ್ಮೆ ಅಮೆರಿಕಕ್ಕೆ ಹೋಗಿ ಮುಖ ತೋರಿಸಿ ಬಂದರೆ ಗ್ರೀನ್ ಕಾರ್ಡ್ ಉಳಿಯುತ್ತದಲ್ಲ?"

ಹಾಗೇನಿಲ್ಲ. ನಮ್ಮ ಅವ್ವನೂ ಹಾಗೆಯೇ ನಂಬಿದ್ದಳು. ಭತ್ತದ ಕೊಯ್ಲು ಮುಗಿಸಿಕೊಂಡು ಏಳು ತಿಂಗಳ ನಂತರ ಬಂದಿಳಿದವಳನ್ನು ವಿಮಾನ ನಿಲ್ದಾಣದ ಅಧಿಕಾರಿ ಕೇಳಿದ್ದು ಒಂದೇ: ನಿಮ್ಮ ಮನೆ ಎಲ್ಲಿ? "ಗಂಗಾವತಿಯಲ್ಲಪ್ಪ. ಮಗನನ್ನು ನೋಡಿಕೊಂಡು ಹೋಗಲು ಬಂದೆ" ಎಂದಳು. ಪಕ್ಕದಲ್ಲಿದ್ದ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು, ಗಂಟಲು ಒಣಗಿತು. ಒಳಕೋಣೆಯಲ್ಲಿ ಎರಡು ತಾಸು ಕೂರಿಸಿ, ತೆರಿಗೆ ಕಾಗದ ನೋಡಿದ ಮೇಲೆ ಬಿಟ್ಟರು.

ಅಧಿಕಾರಿಗಳು ಬರೀ ದಿನ ಎಣಿಸುವುದಿಲ್ಲ, ನಿಮ್ಮ ಬದುಕು ಎಲ್ಲಿ ನಡೆದಿದೆ ಎಂದು ನೋಡುತ್ತಾರೆ. ಅಮೆರಿಕದ ಹೊರಗೆ ಸತತ 180 ದಿನ ದಾಟಿದರೆ ಹೊಸದಾಗಿ ಪ್ರವೇಶ ಕೇಳುವವರಂತೆ ವಿಚಾರಣೆ ನಡೆಯಬಹುದು. 1 ವರ್ಷವಾದರೆ ಬರೀ ಕಾರ್ಡ್ ತೋರಿಸಿ ಒಳಬರಲಾಗದು. ನಡುನಡುವೆ ಬಂದು ಹೋಗುತ್ತಿದ್ದರೂ ಖಾಯಂ ವಾಸ ಊರಿನಲ್ಲೇ ಎಂದು ಕಂಡರೆ ಪ್ರಶ್ನೆ ಏಳುತ್ತದೆ.

ಅಪ್ಪನ ಶಸ್ತ್ರಚಿಕಿತ್ಸೆ, ಆಸ್ತಿ ಪಾಲು, ಹೀಗೆ ಬೇಗ ಮುಗಿಯದ ಕೆಲಸವಿದ್ದರೆ ಹೊರಡುವ ಮೊದಲೇ ಐ-131 ಅರ್ಜಿಯಲ್ಲಿ ರೀ-ಎಂಟ್ರಿ ಪರ್ಮಿಟ್, ಅಂದರೆ ಮರಳಿ ಒಳಬರುವ ಅನುಮತಿ ಪತ್ರ, ಕೇಳಿ. ಅರ್ಜಿ ಹಾಕುವಾಗ ಅಮೆರಿಕದಲ್ಲೇ ಇರಬೇಕು. ಬೆರಳಚ್ಚನ್ನೂ ಕೊಟ್ಟೇ ಹೊರಡಿ. ಸಾಮಾನ್ಯವಾಗಿ 2 ವರ್ಷಕ್ಕೆ ಸಿಗುತ್ತದೆ. ಕೊಪ್ಪಳದಲ್ಲಿ ಕುಳಿತು ನೆನಪಿಸಿಕೊಂಡರೆ ತಡವಾಯಿತು. ಪರ್ಮಿಟ್ ಇದ್ದರೂ ಪೌರತ್ವದ ಲೆಕ್ಕ ಬೇರೆ: ಆರು ತಿಂಗಳು ಮೀರಿದ ಗೈರುಹಾಜರಿ ಅದಕ್ಕೆ ಬೇಕಾದ ಸತತ ವಾಸವನ್ನು ಮುರಿಯಬಲ್ಲದು.

ಅಮೆರಿಕದ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಕಾರಿನ ವಿಮೆ ಎಲ್ಲವೂ ಚಾಲ್ತಿಯಲ್ಲಿರಲಿ. ತೆರಿಗೆಯಂತೂ ನಿವಾಸಿಯಾಗಿಯೇ ಸಲ್ಲಿಸಿ. ಅನಿವಾಸಿ ಎಂದು ಬರೆದುಕೊಟ್ಟರೆ ಕಾರ್ಡನ್ನು ನೀವೇ ಬಿಟ್ಟುಕೊಟ್ಟಂತೆ ಓದಿಕೊಳ್ಳಬಹುದು. ನಮ್ಮ ಕಡೆಯವರು ಎಡವುವುದು ಇಲ್ಲೇ. ಭತ್ತ ಮಾರಿದ ಹಣಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅಮೆರಿಕ ಕೇಳುವುದು ಇಡೀ ಜಗತ್ತಿನ ಆದಾಯದ ಲೆಕ್ಕ. ಎಡದಂಡೆ ಕಾಲುವೆಯ ಗದ್ದೆಯೂ ಅದರಲ್ಲಿ ಸೇರಿತು. ಊರಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ದಾಟಿದರೂ ಅದನ್ನು ಬೇರೆಯಾಗಿ ವರದಿ ಮಾಡಬೇಕು.

ಕೊನೆಗೆ, ನಿಲ್ದಾಣದಲ್ಲಿ ಐ-407 ಎಂಬ ಕಾಗದ ಮುಂದಿಟ್ಟರೆ ಗಾಬರಿಯಲ್ಲಿ ಸಹಿ ಹಾಕಬೇಡಿ. ಅದು ಕಾರ್ಡನ್ನು ಸ್ವಇಚ್ಛೆಯಿಂದ ಒಪ್ಪಿಸುವ ಪತ್ರ. ಒಪ್ಪದಿದ್ದರೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಇಂಗ್ಲಿಷ್ ಬಾರದ ಹಿರಿಯರಿಗೆ ಇದನ್ನು ವಿಮಾನ ಹತ್ತಿಸುವ ಮೊದಲೇ ಹೇಳಿಕೊಡಿ.