ಕಥೆ ತಿಳೀತಾ ಅಂತ ಕೇಳೋದನ್ನೇ ಬಿಟ್ಟೆ

ವಿಜಯಪುರದ ಸುತ್ತಲಿನ ತಾಂಡಾಗಳಲ್ಲಿ ನಾಲ್ಕು ವರ್ಷದಿಂದ ಲಂಬಾಣಿಗರ ಮಾತಾದ ಗೋರ್ ಬೋಲಿಯ ಕಥೆಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಕೇಳಿದವರಿಗೆ ಕಥೆ ಎಷ್ಟು ತಿಳಿಯಿತು ಅನ್ನೋದು ನನ್ನ ಹುಡುಕಾಟ. ಪ್ರಶ್ನೆಪಟ್ಟಿ ಇಲ್ಲದೆ ಅದನ್ನು ಅಳೆಯೋಕಾಗಲ್ಲ ಅಂತ ಜೊತೆಯವರು ಹೇಳಿದ್ದರು. ಅಳೆದೆ.

ಮೊದಲ ವರ್ಷ ನಾನೂ ಪಟ್ಟಿ ಹಿಡಿದೇ ಹೋಗಿದ್ದೆ. ಹೊಸ ಕಥೆ ಕೇಳಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಶಾಲೆ ಹುಡುಗರು ಪಟಪಟ ಉತ್ತರ ಕೊಟ್ಟರು. ರಾತ್ರಿಯಿಡೀ ಕಥೆ ಹೇಳಬಲ್ಲ ಅಜ್ಜಿಯೊಬ್ಬರು ಸುಮ್ನೆ ಕೂತರು. "ನಿನಗ ಗೊತ್ತೈತಲ್ಲೋ ತಮ್ಮಾ, ಮತ್ತ ನನ್ನ್ಯಾಕ ಕೇಳ್ತಿ?" ಅಂದರು. ನನ್ನ ಪಟ್ಟಿಯಲ್ಲಿ ಅವರಿಗೆ ಹತ್ತಕ್ಕೆ ಮೂರು ಅಂಕ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ವರ್ಷ ದುಡ್ಡು ಜಾಸ್ತಿ ಹೋಯಿತು. ರೆಕಾರ್ಡರಿಗೆ ಸುಮಾರು 18 ಸಾವಿರ. ದೀಪಾವಳಿ ಮುಗಿಸಿ ಹೋದರೆ ದುಡಿಯೋ ವಯಸ್ಸಿನವರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಗಾಡಿ ಬಾಡಿಗೆ ಆರೇಳು ಸಾವಿರ ದಂಡ. ಬೇಸಿಗೆಯಲ್ಲಿ ಹೋದೆ, ಗಾಳಿ. ಮೈಕಿಗೆ ತುಪ್ಪಳದ ಟೋಪಿ ಹಾಕಿರಲಿಲ್ಲ. 30 ತಾಸಿನಷ್ಟು ದನಿ ಹಾಳಾಯಿತು.

ಈಗ ಒಬ್ಬರಿಗೆ ಮಾತ್ರ ಹೆಡ್‌ಫೋನಿನಲ್ಲಿ ಕಥೆ ಕೇಳಿಸುತ್ತೇನೆ. ಆಮೇಲೆ ಅದನ್ನು ಕೇಳಿರದ ಅವರ ಮನೆಯವರನ್ನು ಎದುರು ಕೂರಿಸಿ, ಇವರಿಗೆ ಹೇಳಿ ಅಂತ ಹೇಳಿ ನಾನು ಎದ್ದು ಹೋಗುತ್ತೇನೆ. ಎದುರಿನವರಿಗೆ ನಿಜವಾಗಿಯೂ ಗೊತ್ತಿಲ್ಲ ಅಲ್ವಾ, ಅದಕ್ಕೇ ಹೇಳುವವರು ಯಾಕೆ, ಹೇಗೆ ಎಲ್ಲ ಬಿಡಿಸುತ್ತಾರೆ. ಅವರ ಮಾತನ್ನು ಕನ್ನಡ ಲಿಪಿಯಲ್ಲೇ ಎಲಾನ್‌ಗೆ, ಅಂದರೆ ದನಿ ಕೇಳುತ್ತಾ ಬರೆದುಕೊಳ್ಳೋ ಕಂಪ್ಯೂಟರ್ ತಂತ್ರಾಂಶಕ್ಕೆ, ಇಳಿಸುತ್ತೇನೆ. ಒಂದು ನಿಮಿಷದ ಮಾತಿಗೆ ಮುಕ್ಕಾಲು ತಾಸು ಹಿಡಿಯುತ್ತದೆ. ಘಟನೆಗಳನ್ನು ಎಣಿಸಲ್ಲ, ಒಂದಕ್ಕೊಂದು ಹಾಕಿದ ಕಾರಣದ ಕೊಂಡಿಗಳನ್ನು ಎಣಿಸುತ್ತೇನೆ. ಅದೇ ಅಜ್ಜಿ ಇನ್ನೊಂದು ಹೊಸ ಕಥೆಯಲ್ಲಿ 14ಕ್ಕೆ 13 ಕೊಂಡಿ ಸೇರಿಸಿದರು. ಹುಡುಗರು ಎಂಟು ದಾಟಲಿಲ್ಲ. ಕಥೆಯನ್ನು ಎಲ್ಲಿ ಕತ್ತರಿಸಿ ಕೇಳಿಸುತ್ತೇನೆ ಅನ್ನೋದನ್ನು ಪ್ರಬಂಧ ಅಚ್ಚಾದ ಮೇಲೆ ಹೇಳುತ್ತೇನೆ.

ನಡುವೆ ಒಂದು ಸಂಜೆ ಅಮೆರಿಕದ ಭಾಷಾವಿಜ್ಞಾನಿ ವಾಲೆಸ್ ಚೇಫ್ 1975ರಲ್ಲಿ ಮಾಡಿಸಿದ, ಮಾತಿಲ್ಲದ ಆರು ನಿಮಿಷದ ಪಿಯರ್ ಫಿಲ್ಮ್ ತೋರಿಸಿದೆ. ಪಿಯರ್ ಹಣ್ಣು ಎಲ್ಲರ ಬಾಯಲ್ಲೂ ಪೇರಲ ಆಯಿತು. ಫಿಲ್ಮಿನಲ್ಲಿ ಒಬ್ಬ ಮರ ಹತ್ತಿ ಹಣ್ಣು ಕೀಳುತ್ತಾನೆ, ಸೈಕಲ್ ಹುಡುಗ ಒಂದು ಬುಟ್ಟಿ ಕದ್ದು ಒಯ್ಯುತ್ತಾನೆ. ನೋಡಿದವರ ಮಾತಲ್ಲಿ ಆ ಕಳ್ಳತನ ಹಿಂದೆ ಬಿತ್ತು. ಮರ ಹತ್ತಿದವನು ಮಾಲೀಕನೋ ಕೂಲಿಯವನೋ, ಕಳೆದ ಬುಟ್ಟಿಗೆ ಅವನ ಪಗಾರ ಮುರಿಯುತ್ತಾರೋ ಅಂತ ಅರ್ಧ ತಾಸು ವಾದ ನಡೆಯಿತು. ಆ ರೆಕಾರ್ಡಿಂಗ್ ನನ್ನ ಹತ್ತಿರ ಇರುವುದರಲ್ಲೇ ಒಳ್ಳೆಯದು.

ಆಗಲ್ಲ ಅಂದಿದ್ದ ಗೆಳೆಯರೊಬ್ಬರು ಹೋದ ತಿಂಗಳು ಬಾಗಲಕೋಟೆ ಕಡೆಯ ತಾಂಡಾಕ್ಕೆ ನನ್ನ ರೆಕಾರ್ಡರ್ ಒಯ್ದರು. ತುಪ್ಪಳದ ಟೋಪಿಯನ್ನೂ ಕೊಟ್ಟು ಕಳಿಸಿದೆ.