ಅಗ್ಗದ ಬರ್ಬನ್ ಚೆನ್ನಾಗಿದೆಯಾ? ಮೂರನೇ ಗುಟುಕಿನವರೆಗೆ ಕಾಯಿರಿ

ಸಂಜೆ ಒಂದು ಸಣ್ಣ ಪೆಗ್ ಹಾಕಿಕೊಂಡು ನಿಧಾನವಾಗಿ ಗುಟುಕರಿಸಲು ದುಬಾರಿ ಬಾಟಲಿ ಬೇಕಿಲ್ಲ. ಬರ್ಬನ್ ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಅಲ್ಲಿನ ಅಂಗಡಿಗಳಲ್ಲಿ 20 ಡಾಲರ್ ಆಸುಪಾಸಿಗೆ ಸಿಗುವ ಬರ್ಬನ್‌ಗಳಲ್ಲೇ ತುಂಬಾ ಒಳ್ಳೆಯವು ಇವೆ. ಆದರೆ ಮೊದಲ ಗುಟುಕಿಗೇ ತೀರ್ಪು ಕೊಟ್ಟರೆ ಅವು ಕೈತಪ್ಪಿ ಹೋಗುತ್ತವೆ.

ಮೊದಲು ಲೇಬಲ್ ಓದಿ. ಬರ್ಬನ್ ಎನ್ನಬೇಕಾದರೆ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ‘ಸ್ಟ್ರೈಟ್’ ಎಂದು ಬರೆದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿತ್ತು, ಬಣ್ಣ ಬೆರೆಸಿಲ್ಲ ಎಂದರ್ಥ. ನಾನು ಹುಡುಕುವುದು ‘ಬಾಟಲ್ಡ್ ಇನ್ ಬಾಂಡ್’ ಎಂಬ ಮಾತನ್ನು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ವಿಸ್ಕಿಯ ಕಲಬೆರಕೆ ಹಾವಳಿ ಜಾಸ್ತಿ ಇತ್ತು, ಅದನ್ನು ತಡೆಯಲು 1897ರಲ್ಲಿ ಇದೇ ಹೆಸರಿನ ಕಾನೂನು ಬಂತು. ಈ ಮಾತಿದ್ದರೆ ಅದು ಒಂದೇ ಡಿಸ್ಟಿಲರಿಯದು (ಬಟ್ಟಿ ಇಳಿಸುವ ಕಾರ್ಖಾನೆ), ಒಂದೇ ಹಂಗಾಮಿನಲ್ಲಿ ಬಟ್ಟಿ ಇಳಿಸಿದ್ದು, ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಇಟ್ಟಿದ್ದು, ಸರಿಯಾಗಿ 50 ಶೇಕಡಾ ಆಲ್ಕೋಹಾಲ್. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಖಾತರಿ ಬೇರೆಲ್ಲಿ ಸಿಗುತ್ತದೆ, ಅಲ್ವಾ? ಹೆವನ್ ಹಿಲ್ ಕಂಪನಿಯವರ ಎವನ್ ವಿಲಿಯಮ್ಸ್ ಬಿಳಿ ಲೇಬಲ್ ಈ ಜಾತಿಯದು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಲೋಟ ಕೆಳಗೆ ಅಗಲ, ಬಾಯಿ ಕಿರಿದಾಗಿ ಇರಲಿ. ಸಣ್ಣ ವೈನ್ ಗ್ಲಾಸ್ ಆದರೂ ನಡೆಯುತ್ತದೆ. ತೊಳೆದ ಮೇಲೆ ಬಿಸಿನೀರಲ್ಲಿ ಇನ್ನೊಮ್ಮೆ ಜಾಲಿಸಿ. ಒಂದು ಸಲ ನನಗೆ ಹೊಸ ಬಾಟಲಿಯಲ್ಲಿ ನಿಂಬೆ ವಾಸನೆ ಬಂದು ಬೇಸರವಾಗಿತ್ತು, ಆಮೇಲೆ ನೋಡಿದರೆ ಅದು ಪಾತ್ರೆ ತೊಳೆಯುವ ಸೋಪಿನದು. ಊಟಕ್ಕೆ ಮುಂಚೆ ಕೂತರೆ ಒಳ್ಳೆಯದು, ಒಗ್ಗರಣೆ ಘಮದ ಮುಂದೆ ಯಾವ ವಿಸ್ಕಿಯೂ ನಿಲ್ಲುವುದಿಲ್ಲ.

30 ಎಂ.ಎಲ್. ಸುರಿದು ಐದು ನಿಮಿಷ ಸುಮ್ನೆ ಬಿಡಿ. ಐಸ್ ಬೇಡ, ಸೋಡಾ ಬೇಡ. ಈಗ ಬಾಯಿ ಸ್ವಲ್ಪ ತೆರೆದು, ಮೂಗನ್ನು ಲೋಟದ ಒಳಗೆ ತೂರಿಸದೆ ಅಂಚಿನ ಹತ್ತಿರ ಹಿಡಿದು ಮೆಲ್ಲಗೆ ಉಸಿರೆಳೆಯಿರಿ. ಚಿಕ್ಕಿ ಮಾಡಲು ಬೆಲ್ಲದ ಪಾಕ ಇಟ್ಟಾಗ ಬಾಣಲೆಯ ಅಂಚಿನಲ್ಲಿ ಇನ್ನೇನು ಸೀಯುತ್ತದೆ ಎನ್ನುವಾಗ ಒಂದು ಘಮ ಬರುತ್ತಲ್ಲ, ಈ ಬಿಳಿ ಲೇಬಲ್‌ನಲ್ಲಿ ನನಗೆ ಮೊದಲು ಸಿಗುವುದು ಅದೇ. ಅದರ ಹಿಂದೆ ಹುರಿದ ಶೇಂಗಾ, ವೆನಿಲ್ಲಾ, ಕೊನೆಗೆ ಚೂರು ದಾಲ್ಚಿನ್ನಿ. ಓಕ್ ಸುಟ್ಟಾಗ ಮರದೊಳಗಿನ ಸಕ್ಕರೆ ಅಂಶ ಪಾಕದಂತೆ ಕಂದುತ್ತದೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲ್ಲಾದ ವಾಸನೆ ಕೊಡುತ್ತದೆ. ಈ ಬಾಟಲಿ ಬರುವ ಅಮೆರಿಕದ ಕೆಂಟಕಿ ರಾಜ್ಯದ ಸೆಕೆಗೆ ಪೀಪಾಯಿಯ ವಿಸ್ಕಿ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಗೆ ಬರುತ್ತದೆ. ಹಾಗಾಗಿ ನಾಲ್ಕೇ ವರ್ಷಕ್ಕೆ ಇಷ್ಟು ಬಣ್ಣ, ಇಷ್ಟು ಘಮ. ಬೇರೆಯವರ ಪಟ್ಟಿಯ ಪದಗಳನ್ನು ಹುಡುಕುತ್ತಾ ಕೂರಬೇಡಿ, ನಿಮ್ಮ ಅಡುಗೆಮನೆಯಲ್ಲಿ ಯಾವುದು ನೆನಪಾಗುತ್ತದೋ ಅದನ್ನೇ ಬರೆದಿಡಿ. ನೈಲ್ ಪಾಲಿಶ್ ವಾಸನೆ ಐದು ನಿಮಿಷವಾದರೂ ಹೋಗದಿದ್ದರೆ ಮಾತ್ರ ಮಾರ್ಕು ಕಳೆಯಿರಿ.

ಮೊದಲ ಗುಟುಕು ಬಾಯಿಗೆ ಅಭ್ಯಾಸ ಮಾಡಿಸಲು ಅಷ್ಟೇ. ತೀರಾ ಚಿಕ್ಕದು ತೆಗೆದುಕೊಳ್ಳಿ, ಉರಿಯುತ್ತದೆ, ಉರಿಯಲಿ. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹೊರಳಿಸಿ ಅಗಿದಂತೆ ಮಾಡಿ ನುಂಗಿ. ಮೂರನೆಯ ಗುಟುಕಿಗೆ ಉರಿಯ ಅಡಿಯಲ್ಲಿದ್ದ ಸಿಹಿ ಮೇಲೆ ಬರುತ್ತದೆ. ಆಗ ಗಮನಿಸಿ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು? ಹಸಿ ಕಟ್ಟಿಗೆಯ ಒಗರು ಉಳಿಯಿತಾ, ಇಲ್ಲಾ ಪಾಕದ ಸಿಹಿಯಾ?

ಈಗ ನೀರು. ನನ್ನ ಪ್ರಕಾರ ಅಗ್ಗದ ವಿಸ್ಕಿಗೆ ನಿಜವಾದ ಪರೀಕ್ಷೆ ಇದೇ. 30 ಎಂ.ಎಲ್.ಗೆ ಒಂದೂವರೆ ಟೀ ಚಮಚ ನೀರು ಹಾಕಿದರೆ 50 ಶೇಕಡಾ ಇದ್ದದ್ದು ಹೆಚ್ಚುಕಡಿಮೆ 40ಕ್ಕೆ ಇಳಿಯುತ್ತದೆ. ನೀವು ಈಗಾಗಲೇ ಒಂದಷ್ಟು ಕುಡಿದಿರುತ್ತೀರಿ, ಆದ್ದರಿಂದ ಅರ್ಧ ಚಮಚದಿಂದ ಶುರು ಮಾಡಿ, ಪ್ರತಿ ಸಲ ಮೂಸಿ ನೋಡಿ. ಒಳ್ಳೆಯ ವಿಸ್ಕಿ ಅರಳುತ್ತದೆ, ಹಣ್ಣಿನ ವಾಸನೆ ಹೊರಗೆ ಬರುತ್ತದೆ. ಸಪ್ಪೆ ವಿಸ್ಕಿ ನೀರಾಗಿಬಿಡುತ್ತದೆ.

ಆಮೇಲೆ ಇನ್ನೊಂದು ಬಾಟಲಿಯ ಜೊತೆ ಹೋಲಿಸಿ. ಅದೇ ಕಂಪನಿಯ ಕಪ್ಪು ಲೇಬಲ್ 43 ಶೇಕಡಾದ್ದು, ಬೆಲೆ ಇನ್ನೂ ಕಡಿಮೆ. ಎರಡು ಲೋಟದ ತಳಕ್ಕೆ ಗುರುತಿನ ಚೀಟಿ ಅಂಟಿಸಿ, ಮನೆಯವರ ಕೈಯಲ್ಲಿ 15 ಎಂ.ಎಲ್.ನಂತೆ ಸುರಿಸಿ, ಯಾವುದು ಯಾವುದೆಂದು ತಿಳಿಯದೆ ಕುಡಿಯಿರಿ. ಬೆಲೆ ಗೊತ್ತಿದ್ದರೆ ನಾಲಿಗೆ ಬೆಲೆಯ ಮಾತನ್ನೇ ಕೇಳುತ್ತದೆ. ಅಂದು ಗಾಡಿ ಓಡಿಸುವುದು ಬೇಡ.

ಒಂದೇ ಸಂಜೆಗೆ ನಿರ್ಧಾರ ಮಾಡಬೇಡಿ. ನೆಗಡಿ, ದಣಿವು, ಮಧ್ಯಾಹ್ನದ ಖಾರದ ಸಾರು ಎಲ್ಲವೂ ರುಚಿ ಬದಲಿಸುತ್ತವೆ. ವಾರ ಬಿಟ್ಟು ಇನ್ನೊಮ್ಮೆ ಇದೇ ಕ್ರಮದಲ್ಲಿ ನೋಡಿ. ನಾನು ಹೀಗೆ ಮೂರು ಸಂಜೆ ನೋಡಿದೆ. ಮೂರೂ ಸಲ ಬಿಳಿ ಲೇಬಲ್ ನೀರು ಹಾಕಿದ ಮೇಲೂ ಗಟ್ಟಿಯಾಗಿ ನಿಂತಿತು, ಕಪ್ಪು ಲೇಬಲ್ ಎರಡನೇ ಅರ್ಧ ಚಮಚಕ್ಕೇ ತೆಳುವಾಯಿತು. ಈಗ ಮನೆಯಲ್ಲಿ ಗುಟುಕರಿಸಲು ಬಿಳಿ, ಕೋಲಾಗೆ ಬೆರೆಸಲು ಕಪ್ಪು.